ತೋಷಾಖಾನೆಗೆ ಹೋದ ಉಡಿ

ಬೆಂಗಳೂರು
14 ಜೂನ್ 2025

ಪ್ರೀತಿಯ ವೈನಿ,

ಶರಣು. ಮೊನ್ನೆ ಪ್ರಮಾಣವಚನ ಮುಗಿಸಿ ರಾಜಭವನದ ಮೆಟ್ಟಿಲು ಇಳಿಯುತ್ತಲೇ ನಿಮಗೆ ಫೋನು ಮಾಡಿದೆ. ಅಣ್ಣ ಎತ್ತಿದ. ನೀವು ನರೋಣಾ ಪಂಚಾಯತಿಯಲ್ಲಿ ಚರಂಡಿಯ ಠರಾವು ಪಾಸು ಮಾಡಿಸುತ್ತ ಕೂತಿದ್ದೀರಂತೆ. ನಾದಿನಿ ಮಂತ್ರಿಯಾದಳೆಂದು ಚರಂಡಿ ಕಾಯುತ್ತದೆಯೇ? ನಕ್ಕು ಫೋನು ಇಟ್ಟೆ. ಹೇಗೂ ದೊಡ್ಡ ಸುದ್ದಿಗಳನ್ನೆಲ್ಲ ನಾವಿಬ್ಬರೂ ಕಾಗದದಲ್ಲೇ ಹೇಳಿಕೊಂಡು ಬಂದವರು.

ನಿವೃತ್ತಿಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಮುಖ್ಯಮಂತ್ರಿಗಳು ಕರೆಸಿ, ಮೂವತ್ತೈದು ವರ್ಷ ದೇಶದ ಪರವಾಗಿ ಚೌಕಾಸಿ ಮಾಡಿದ್ದೀರಿ, ಇನ್ನು ನಮ್ಮ ತೊಗರಿಯ ಪರವಾಗಿ ಮಾಡಿ ಎಂದರು. ಕೃಷಿ ಮಾರುಕಟ್ಟೆ ಖಾತೆ ಕೊಟ್ಟಿದ್ದಾರೆ. ರಾಯಭಾರಿಯಾಗಿ ಎಷ್ಟೋ ಅರಮನೆಗಳಲ್ಲಿ ಊಟ ಮಾಡಿದ್ದೇನೆ, ಆದರೆ ಮೊನ್ನೆ ನಾಲಿಗೆ ಒಣಗಿದಷ್ಟು ಎಲ್ಲೂ ಒಣಗಿರಲಿಲ್ಲ. ನಮ್ಮ ಯಜಮಾನರು ಇದ್ದಿದ್ದರೆ ಮೊದಲ ಸಾಲಿನಲ್ಲಿ ಕೂತು ನನ್ನ ಉಚ್ಚಾರ ತಿದ್ದುತ್ತಿದ್ದರು. ಹೋಗಿ ಒಂಬತ್ತು ವರ್ಷವಾದರೂ ಇಂಥ ದಿನ ಪಕ್ಕದ ಕುರ್ಚಿ ನೋಡುವ ಚಾಳಿ ಹೋಗಿಲ್ಲ.

ನನಗೆ ಹತ್ತು ವರ್ಷವಿದ್ದಾಗ ಅವ್ವ ಹೋದಳು. ಮರುವರ್ಷ ನೀವು ಹತ್ತೊಂಬತ್ತರ ಮದುಮಗಳಾಗಿ ಬಂದು, ಮೊದಲ ದಿನವೇ ನನ್ನ ಹೇನು ತೆಗೆದು ಎರಡು ಜಡೆ ಹಾಕಿದಿರಿ. ಮ್ಯಾಟ್ರಿಕ್ ಆದ ಮೇಲೆ ಮದುವೆ ಎಂದ ಅಪ್ಪನ ಎದುರು ಅಂಗಳದಲ್ಲಿ ನಿಂತು, ಸುನಿಯನ್ನು ಕಾಲೇಜಿಗೆ ಕಳಿಸದಿದ್ದರೆ ನಾನೂ ತವರಿಗೆ ಹೋಗಿ ಕೂರುತ್ತೇನೆ ಅಂದವರು ನೀವು. ಹನೋಯ್‌ನಲ್ಲಿ ಮೂರನೆಯ ಕಾರ್ಯದರ್ಶಿಯಾಗಿದ್ದಾಗ ನೀವು ಕಳಿಸಿದ ಶೇಂಗಾ ಹಿಂಡಿ ತಿಂದೇ ದಿನ ದೂಡಿದೆ. ಆಮೇಲೆ ಯುದ್ಧ ಹತ್ತಿದ ಒಂದು ಬಂದರಿನಲ್ಲಿ ಎರಡು ದಿನ ನಿಂತು ಸಾವಿರದ ನೂರು ನಮ್ಮ ಕಾರ್ಮಿಕರನ್ನು ಹಡಗು ಹತ್ತಿಸಿದಾಗಲೂ ಚೀಲದಲ್ಲಿ ಅದೇ ಹಿಂಡಿ ಇತ್ತು. ಈ ಕುರ್ಚಿಯಲ್ಲಿ ಅರ್ಧ ನಿಮ್ಮದು ಎಂದು ನೇರವಾಗಿಯೇ ಬರೆಯುತ್ತೇನೆ.

ಒಂದು ತೊಡಕಿದೆ. ನಾನು ಯಾವ ಸದನದ ಸದಸ್ಯಳೂ ಅಲ್ಲ. ಆರು ತಿಂಗಳೊಳಗೆ, ಅಂದರೆ ಡಿಸೆಂಬರ್ 12ರೊಳಗೆ, ಎಲ್ಲಿಂದಾದರೂ ಆರಿಸಿ ಬರಬೇಕು. ಇಲ್ಲದಿದ್ದರೆ ಮಂತ್ರಿಗಿರಿ ತಾನಾಗಿಯೇ ಮುಗಿಯುತ್ತದೆ. ಅದನ್ನು ಆಮೇಲೆ ನೋಡೋಣ. 29ಕ್ಕೆ ಕಲಬುರಗಿಗೆ ಬರುತ್ತೇನೆ. ಸರ್ಕಾರಿ ಅತಿಥಿಗೃಹದಲ್ಲಿ ಸಿಗೋಣ.

ನಿಮ್ಮ ಸುನಿ


ನರೋಣಾ
2 ಜುಲೈ 2025

ಮಾನ್ಯ ಮಂತ್ರಿಗಳಿಗೆ,

ನಿಮ್ಮ ಕಚೇರಿಯಿಂದ ರಸೀದಿ ಬಂದು ಮುಟ್ಟಿತು. ನಿಮ್ಮ ಆಪ್ತ ಕಾರ್ಯದರ್ಶಿ ವ್ಯಂಕಟೇಶ ಅವರ ಅಕ್ಷರ ಚಂದ ಇದೆ. ಕಾಣಿಕೆಗಳ ದಾಖಲೆ ಪುಸ್ತಕ, ಕ್ರಮ ಸಂಖ್ಯೆ ಆರು. ಅಕ್ಕಿ, ಐದು ಹಿಡಿ. ಕೊಬ್ಬರಿ ಬಟ್ಟಲು, ಎರಡು. ಉತ್ತತ್ತಿ, ಅರಿಶಿನ ಕೊಂಬು, ಅಡಿಕೆ, ಬಾಳೆಹಣ್ಣು. ಖಣ, ಒಂದು. ಹಿತ್ತಾಳೆ ತಟ್ಟೆ, ಹಳೆಯದು, ಒಂದು. ಎಲ್ಲವನ್ನೂ ತೋಷಾಖಾನೆಯಲ್ಲಿ ಜಮಾ ಮಾಡಿದ್ದಾರಂತೆ. ತೋಷಾಖಾನೆ ಅನ್ನುವುದನ್ನು ನಮ್ಮ ಅಜ್ಜ ನಿಜಾಮನ ಸುದ್ದಿ ಹೇಳುವಾಗ ಕೇಳಿದ್ದೆ. ನನ್ನ ತಟ್ಟೆಗೂ ಅಲ್ಲಿ ಜಾಗ ಸಿಕ್ಕಿತು.

ಹನ್ನೆರಡು ಮಂದಿ ಹೆಣ್ಣುಮಕ್ಕಳನ್ನು ಕರೆದುಕೊಂಡು, ಖಲೀಲನ ಜೀಪು ಮಾಡಿಕೊಂಡು ಅತಿಥಿಗೃಹಕ್ಕೆ ಬಂದಿದ್ದೆ. ಎಲ್ಲರೂ ಒಂದಲ್ಲ ಒಂದು ಪಂಚಾಯತಿಯ ಮೆಂಬರುಗಳು. ಅವರೆದುರು, ಟಿವಿಯವರೆದುರು ನೀನು ಅಂಗೈ ಅಡ್ಡ ಹಿಡಿದೆ. ಇಂಥ ಕಾಣಿಕೆಗಳನ್ನು ನಾನು ಸ್ವೀಕರಿಸುವುದಿಲ್ಲ ಅಂದೆ. ತಟ್ಟೆಯನ್ನು ವ್ಯಂಕಟೇಶ ಅವರು ಪುಸ್ತಕದಲ್ಲಿ ಬರೆಯಲು ಒಯ್ದರು. ನಗುತ್ತಲೇ ಅಂದೆ. ಆ ನಗು ನನಗೆ ಗುರುತಿನದಲ್ಲ. ಪರದೇಶದವರಿಗೆ ಇಟ್ಟುಕೊಂಡದ್ದಿರಬೇಕು.

ತವರಿನವರು ತುಂಬುವ ಉಡಿಯನ್ನು ಒಲ್ಲೆ ಅಂದವಳನ್ನು ನಾನು ಈವರೆಗೆ ಕಂಡಿರಲಿಲ್ಲ. ಈಗ ನೋಡಿದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನವರು ತಮ್ಮ ತಮ್ಮ ಮೊಬೈಲಿನಲ್ಲಿ ನೋಡಿದ್ದಾರೆ. ಅಫಜಲಪುರದಲ್ಲಿರುವ ನನ್ನ ತಂಗಿ ಅದನ್ನು ನನಗೇ ಕಳಿಸಿದಳು.

ಫೋನು ಮಾಡಬೇಡ. ಎತ್ತುವುದಿಲ್ಲ.

ಸುಮಿತ್ರಾಬಾಯಿ


ಬೆಂಗಳೂರು
6 ಜುಲೈ 2025

ಪ್ರೀತಿಯ ವೈನಿ,

ಹದಿನೇಳು ಸಲ ಫೋನು ಮಾಡಿದೆ. ನಡೆದದ್ದನ್ನು ವಿವರಿಸಲು ಅವಕಾಶ ಕೊಡಿ.

ರಾಯಭಾರ ಕಚೇರಿಯಲ್ಲಿ ಯಾರು ಏನೇ ಕೊಟ್ಟರೂ ಬರೆದಿಡಬೇಕು, ತೋಷಾಖಾನೆಗೆ, ಅಂದರೆ ಸರ್ಕಾರಿ ಕಾಣಿಕೆಗಳ ಉಗ್ರಾಣಕ್ಕೆ, ಒಪ್ಪಿಸಬೇಕು. ಮೂವತ್ತೈದು ವರ್ಷ ಅದನ್ನೇ ಮಾಡಿದ್ದೇನೆ. ಮಂತ್ರಿಯಾದ ದಿನವೇ ಇಲ್ಲಿಯೂ ಒಂದು ಪುಸ್ತಕ ತೆರೆದು, ಒಂದು ಕಪಾಟಿಗೆ ಆ ಹೆಸರಿಟ್ಟೆ. ಅಂದು ಅತಿಥಿಗೃಹದಲ್ಲಿ ನಿಮಗಿಂತ ಮುಂಚೆ ಐದು ತಟ್ಟೆಗಳು ಬಂದಿದ್ದವು. ಐದನೆಯದು ಒಬ್ಬ ಗುತ್ತಿಗೆದಾರರದು. ಅದರ ಹಣ್ಣಿನ ಕೆಳಗೆ ಬಂಗಾರದ ಉಂಗುರವಿತ್ತು. ಇನ್ನು ಯಾವ ತಟ್ಟೆಯನ್ನೂ ಮುಟ್ಟುವುದಿಲ್ಲವೆಂದು ಎಲ್ಲರೆದುರು ಹೇಳಿ ಒಂದು ನಿಮಿಷವೂ ಆಗಿರಲಿಲ್ಲ, ಆರನೆಯದು ಬಂತು. ನಿಮಗೊಂದು, ಬೇರೆಯವರಿಗೊಂದು ನಿಯಮ ಮಾಡುವುದು ಆ ಸಂದರ್ಭದಲ್ಲಿ ಸೂಕ್ತವಾಗಿರಲಿಲ್ಲ.

ಇದರಿಂದ ಉಂಟಾದ ತಪ್ಪು ತಿಳಿವಳಿಕೆಗೆ ವಿಷಾದಿಸುತ್ತೇನೆ.

ಸುನಿತಾ


ನರೋಣಾ
20 ಜುಲೈ 2025

ತಂಗಿ ಸುನಿತಾಳಿಗೆ ದೌಲತರಾಯನ ಆಶೀರ್ವಾದ.

ನನಗೆ ಕಾಗದ ಬರೆಯುವ ರೂಢಿ ಇಲ್ಲ. ನಿನ್ನ ವೈನಿ ತೊಗರಿ ಬಿತ್ತುವುದನ್ನು ನೋಡಲು ಹೊಲಕ್ಕೆ ಹೋಗಿದ್ದಾಳೆ, ಬರುವುದರೊಳಗೆ ಮುಗಿಸುತ್ತೇನೆ. ನಿನ್ನ ಪತ್ರ ಓದಿ, ‘ವಿಷಾದ ಅಂದ್ರ ಏನ್ರಿ, ತಪ್ಪಾತು ಅಂದಂಗೋ, ಆಗಿಲ್ಲ ಅಂದಂಗೋ?’ ಎಂದು ನನ್ನನ್ನು ಕೇಳಿದಳು. ನನಗೂ ಗೊತ್ತಾಗಲಿಲ್ಲ.

ನಿನಗೆ ತಿಳಿಯದ ಒಂದು ಸಂಗತಿ ಇದೆ. ಅಂದು ಬೆಳಿಗ್ಗೆ ಆ ಹನ್ನೆರಡು ಮಂದಿ ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ದೊಡ್ಡ ಜಗಳವೇ ಆಯಿತು. ನೆಲೋಗಿಯ ಮೆಂಬರ್ ನಿಂಬೆವ್ವ ನಿನಗೆ ನೆನಪಿರಬಹುದು. ಅವಳು ಅಂದಳು, ‘ಗಂಡ ತೀರಿದಾಕಿಗೆ ಉಡಿ ಹೆಂಗ ತುಂಬತೀರಿ ಅಕ್ಕಾರ? ನನಗ ಹದಿನಾಲ್ಕು ವರ್ಷ ಆತು, ಯಾರ ತುಂಬ್ಯಾರ?’ ನಿನ್ನ ವೈನಿ ಕಪ್ಪು ಕೆಳಗಿಟ್ಟು ಹೇಳಿದಳು, ‘ಉಡಿ ತುಂಬೂದು ತವರಿನ ಮಗಳಿಗೆ ಬೇ, ಆಕಿ ಗಂಡಗಲ್ಲ. ಬಸವಣ್ಣನ ಹೆಸರು ಬರೇ ಬಾಯಾಗ ಇಟ್ಕೊಂಡು ಕುಂಡ್ರೂದೇನು? ಮದಲ ನನ್ನ ನಾದಿನಿಗೆ ತುಂಬತೇನಿ. ತಿರುಗಿ ಬಂದು ನಿನಗೂ ತುಂಬತೇನಿ.’

ಹನ್ನೆರಡು ಮಂದಿಯನ್ನು ಒಪ್ಪಿಸಿ ಕರೆತಂದವಳ ಎದುರು ನೀನು ಕೈ ಅಡ್ಡ ಹಿಡಿದೆ. ನಿಂಬೆವ್ವನಿಗೂ ಉಡಿ ತುಂಬಲಿಲ್ಲ. ಯಾವ ಮುಖದಿಂದ ತುಂಬಲಿ ಅಂದಳು ಇವಳು.

ಇನ್ನೊಂದು. ನಮ್ಮ ಜಿಲ್ಲೆಯ ಪಂಚಾಯತಿಗಳಿಂದ ವಿಧಾನ ಪರಿಷತ್ತಿಗೆ ಆರಿಸುವ ಸೀಟು ಖಾಲಿಯಾಗಿದೆ. ಅದನ್ನು ಈ ಸಲ ಸುಮಿತ್ರಾಗೆ ಕೊಡುವುದಾಗಿ ನಿಮ್ಮ ಪಕ್ಷದವರು ಎರಡು ವರ್ಷದಿಂದ ಹೇಳುತ್ತ ಬಂದಿದ್ದಾರೆ. ಮೂವತ್ತೆರಡು ವರ್ಷ ಪಂಚಾಯತಿಯಲ್ಲಿ ತಿರುಗಿದವಳು. ಆ ಸೀಟಿನ ಮೇಲೆ ನಿನ್ನ ಕಣ್ಣು ಹೋಗದಿರಲಿ ಎಂದು ಬೇಡಿಕೊಳ್ಳುತ್ತೇನೆ.

ಬಂದಳು. ಮುಗಿಸುತ್ತೇನೆ.

ನಿನ್ನ ಅಣ್ಣ


ಬೆಂಗಳೂರು
16 ಅಕ್ಟೋಬರ್ 2025

ಪ್ರೀತಿಯ ವೈನಿ,

ಮೂರು ತಿಂಗಳಿಂದ ನಿಮಗೆ ಬರೆದ ಐದು ಪತ್ರಗಳಿಗೆ ಉತ್ತರವಿಲ್ಲ. ಈ ಆರನೆಯದನ್ನು ಬರೆಯಲು ಕೈ ಬರುತ್ತಿಲ್ಲ.

ಪರಿಷತ್ತಿನ ಆ ಸೀಟನ್ನು ಪಕ್ಷ ನನಗೆ ಕೊಟ್ಟಿದೆ. ನಾನು ಕೇಳಿರಲಿಲ್ಲ. ಆದರೆ ಬೇಡ ಎಂದೂ ಹೇಳಲಿಲ್ಲ. ಡಿಸೆಂಬರ್ 12ರೊಳಗೆ ನಡೆಯುವ ಚುನಾವಣೆ ರಾಜ್ಯದಲ್ಲಿ ಇದೊಂದೇ. ಕೈಬಿಟ್ಟರೆ ಈ ಹಂಗಾಮಿನ ತೊಗರಿ ಖರೀದಿ ಕೇಂದ್ರಗಳ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ನನ್ನ ಮಂತ್ರಿಗಿರಿಯೂ ನಿಲ್ಲುತ್ತದೆ.

ನಿಮ್ಮ ಸೇವೆಯನ್ನು ಪಕ್ಷ ಮರೆತಿಲ್ಲ. ಒಂದು ನಿಗಮದ ಅಧ್ಯಕ್ಷ ಸ್ಥಾನ ನಿಮಗೆ ಕೊಡಿಸಲು ಮುಖ್ಯಮಂತ್ರಿಗಳು ಒಪ್ಪಿದ್ದಾರೆ. ಕಾರು, ಕಚೇರಿ ಎಲ್ಲ ಇರುತ್ತದೆ. ದಯವಿಟ್ಟು ಯೋಚಿಸಿ.

ಸುನಿತಾ


ನರೋಣಾ
10 ನವೆಂಬರ್ 2025

ಸುನಿತಾ,

ನಿಗಮದ ಕಾರು ನಿನ್ನ ತೋಷಾಖಾನೆಯಲ್ಲೇ ಇರಲಿ. ಇವತ್ತು ಕಲಬುರಗಿಗೆ ಹೋಗಿ ನಾಮಪತ್ರ ಕೊಟ್ಟು ಬಂದೆ. ಪಕ್ಷೇತರ. ಕೊನೆಯ ದಿನ, ಕೊನೆಯ ತಾಸು. ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದೆಂದು ಬರೆಯುತ್ತಿದ್ದೇನೆ.

ನಿನ್ನ ಮೇಲಿನ ಸಿಟ್ಟಿನಿಂದ ನಿಂತೆ ಅಂದುಕೊಳ್ಳಬೇಡ. ಸಿಟ್ಟಿದೆ, ಅದು ಬೇರೆ. ಮೂವತ್ತೆರಡು ವರ್ಷ ಆಳಂದ, ಅಫಜಲಪುರ, ಜೇವರ್ಗಿ ಎಂದು ಬಸ್ಸು ಹತ್ತಿ ಇಳಿದಿದ್ದೇನೆ. ಹೊಸ ಮೆಂಬರಾದ ಹೆಣ್ಣುಮಕ್ಕಳಿಗೆ ಗಂಡನ ಕೈಗೆ ಸಹಿ ಕೊಡಬೇಡಿ, ನೀವೇ ಠರಾವು ಓದಿ ಎಂದು ಕಲಿಸಿದ್ದೇನೆ. ಯಾವ ಊರಿಗೆ ಹೋದರೂ ‘ಅಕ್ಕಾರ ಬರ್ರಿ’ ಎಂದು ಚಹಾ ಕೊಡುತ್ತಾರೆ. ಅವರೆಲ್ಲ ಚಹಾಕ್ಕಷ್ಟೇ ನನ್ನವರೋ, ಮತಕ್ಕೂ ನನ್ನವರೋ, ಒಮ್ಮೆ ನೋಡಬೇಕಾಗಿದೆ. ಅರವತ್ತೆಂಟಾಯಿತು. ಇನ್ನು ಯಾವಾಗ ನೋಡಲಿ?

ನಿನಗೆ ಈ ಚುನಾವಣೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಇಲ್ಲಿ ಮತ ಹಾಕುವವರು ಪಂಚಾಯತಿ, ಪುರಸಭೆ ಮೆಂಬರುಗಳು. ಮುದ್ರೆ ಒತ್ತುವುದಿಲ್ಲ. ಅಲ್ಲೇ ಕೊಡುವ ನೇರಳೆ ಪೆನ್ನಿನಿಂದ ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಬರೆಯುತ್ತಾರೆ. ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ಒಂದು ಯಾರಿಗೂ ಬರದಿದ್ದರೆ ಕೊನೆಯವರನ್ನು ತೆಗೆಯುತ್ತಾರೆ. ಅವರ ಚೀಟಿಗಳಲ್ಲಿ ಎರಡು ಯಾರಿಗೆ ಬರೆದಿದೆ ನೋಡಿ ಅವರಿಗೆ ಸೇರಿಸುತ್ತಾರೆ. ಎದುರು ಪಕ್ಷದಿಂದ ಜೇವರ್ಗಿಯ ಸಿದ್ದಲಿಂಗ ಸಾಹುಕಾರ ನಿಂತಿದ್ದಾರೆ. ಗಟ್ಟಿ ಆಸಾಮಿ. ‘ಸುನಿತಾ ಬಾಯಿ ಹೊರದೇಶದ ತೊಗರಿ ತರಿಸಿದಾಕಿ’ ಎಂದು ಊರೂರು ಹೇಳುತ್ತ ಹೊರಟಿದ್ದಾರೆ. ಇದಕ್ಕೆ ಉತ್ತರ ತಯಾರು ಮಾಡಿಕೋ.

ನಿನ್ನ ಅಣ್ಣ ಎರಡು ದಿನದಿಂದ ಊಟ ಸರಿಯಾಗಿ ಮಾಡಿಲ್ಲ. ತಮಗೆ ಮತ ಇಲ್ಲದಿರುವುದೇ ಒಳ್ಳೆಯದಾಯಿತು ಅನ್ನುತ್ತಾರೆ.

ಸುಮಿತ್ರಾಬಾಯಿ


ಕಲಬುರಗಿ
13 ನವೆಂಬರ್ 2025

ವೈನಿ,

ಇವತ್ತು ಮೂರು ಗಂಟೆಯವರೆಗೆ ನಾಮಪತ್ರ ಹಿಂದೆಗೆದುಕೊಳ್ಳಬಹುದಿತ್ತು. ಬೆಳಗಿನಿಂದ ಪಕ್ಷದ ಹಿರಿಯರು ನನ್ನ ಕೋಣೆಯಲ್ಲೇ ಇದ್ದರು. ವೈನಿಗೆ ಒಂದು ಮಾತು ಹೇಳಿ, ಕಾಲು ಹಿಡಿಯಿರಿ, ಅಳಿರಿ, ಏನಾದರೂ ಮಾಡಿ, ಅವರು ಹಿಂದೆ ಸರಿದರೆ ನೀವು ಗೆದ್ದಂತೆ ಎಂದರು. ಒಬ್ಬರು ಜೀಪನ್ನೂ ತಯಾರಾಗಿಟ್ಟಿದ್ದರು.

ನಾನು ಎದ್ದು ಬಾಗಿಲು ಹಾಕಿಕೊಂಡು ಮೂರು ಹೊಡೆಯುವವರೆಗೆ ಒಳಗೇ ಕೂತೆ. ನೀವು ಸರಿಯಬೇಕೆಂದು ನನಗೆ ಅನಿಸಲಿಲ್ಲ. ಅಪ್ಪನೆದುರು ನನಗಾಗಿ ಅಂಗಳದಲ್ಲಿ ನಿಂತವರನ್ನು ಈಗ ನನಗಾಗಿ ಕೂರಿ ಎನ್ನುವುದೇ? ನೀವು ನಿಲ್ಲಿ. ಎಷ್ಟು ಮಂದಿ ನಿಮ್ಮವರೆಂದು ನೋಡಿ. ನನಗೂ ನೋಡಬೇಕಾಗಿದೆ.

ನಿಗಮದ ಮಾತು ಬರೆದದ್ದಕ್ಕೆ ನಾಚಿಕೆಯಾಗಿದೆ. ಮಾತುಕತೆಯ ಮೇಜಿನ ಆಚೆ ಕೂತವರಿಗೆ ಏನಾದರೊಂದು ಕೊಟ್ಟು ಎಬ್ಬಿಸುವ ಕಲೆ ನನಗೆ ಗೊತ್ತು. ನೀವು ಆಚೆ ಕೂತವರಲ್ಲ ಎಂಬುದೇ ಮರೆತುಹೋಗಿತ್ತು.

ಸುನಿ


ನೆಲೋಗಿ
21 ನವೆಂಬರ್ 2025

ವೈನಿ,

ಪಂಚಾಯತಿ ಕಟ್ಟೆಯ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಖಲೀಲ ತಂದುಕೊಡುತ್ತಾನೆ. ನಿಮ್ಮ ಪ್ರಚಾರದ ಜೀಪಿನವನ ಕೈಗೇ ಕೊಡುತ್ತಿದ್ದೇನೆ, ಅವನಿಗೆ ನಗು ತಡೆಯಲಾಗುತ್ತಿಲ್ಲ.

ಇಲ್ಲಿ ಹದಿನೆಂಟು ಮೆಂಬರುಗಳು ಸೇರಿದ್ದರು. ಹೊರದೇಶದ ತೊಗರಿಯ ಪ್ರಶ್ನೆ ಬಂತು. ಆ ಆಮದಿನ ಒಪ್ಪಂದಕ್ಕೆ ರಾಯಭಾರಿಯಾಗಿದ್ದಾಗ ನಾನೇ ಸಹಿ ಮಾಡಿದ್ದು ಖರೆ, ಈಗ ನಮ್ಮ ತೊಗರಿ ಮಾರಿದ ಮೇಲಷ್ಟೇ ಅದು ಬರಬೇಕೆಂದು ದೆಹಲಿಯಲ್ಲಿ ಪಟ್ಟು ಹಿಡಿದವಳೂ ನಾನೇ ಎಂದೆ. ತಲೆದೂಗಿದರು. ಅದು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ನಿಂಬೆವ್ವ ಎದ್ದಳು. ಮೆಲ್ಲಗೆ ಕೇಳಿದಳು, ‘ಆವತ್ತ ನೀವು ಕೈ ಅಡ್ಡ ಹಿಡದ್ರಿ. ಅದರ ಸಂಗಾಟ ನನ್ನ ಉಡೀನೂ ಹೋತು. ಅದ ನಿಮಗ ಗೊತ್ತೇನ್ರಿ?’

ಅಣ್ಣ ಬರೆದಿದ್ದ, ಗೊತ್ತಿತ್ತು. ಆದರೆ ಕಾಗದದಲ್ಲಿ ಓದುವುದು ಬೇರೆ, ಅವಳ ಮುಖ ನೋಡುವುದು ಬೇರೆ. ತಯಾರಿದ್ದ ಭಾಷಣದ ಕಾಗದ ಮಡಚಿಟ್ಟೆ. ತಪ್ಪಾಯಿತು ನಿಂಬೆವ್ವ ಎಂದೆ. ಎಲ್ಲರೆದುರು ಅತ್ತೆ. ಇಷ್ಟು ವರ್ಷದ ನೌಕರಿಯಲ್ಲಿ ಎಲ್ಲಿಯೂ ಅಳದವಳು.

ಅವಳು ಹತ್ತಿರ ಬಂದು ನೀರು ಕೊಟ್ಟಳು. ಆಮೇಲೆ, ‘ನನ್ನ ಒಂದು ಸುಮಿತ್ರಕ್ಕಗ. ಎರಡು ಯಾರಿಗೆ ಅಂತ ಆಕಿ ಹೇಳಿದ್ರ ಬರಿತೇನಿ, ಇಲ್ಲಂದ್ರ ಖಾಲಿ ಬಿಡ್ತೇನಿ’ ಎಂದಳು. ಉಳಿದವರು ಅದನ್ನೇ ಹೇಳಿದರು. ಹಿರೋಳ್ಳಿಯಲ್ಲೂ ನಿನ್ನೆ ಇದೇ ಮಾತು. ನನ್ನವರ ಲೆಕ್ಕದಲ್ಲಿ ಸಾಹುಕಾರರು ನನಗಿಂತ ಮುಂದಿದ್ದಾರೆ. ನಿಮ್ಮ ಮಂದಿಯ ಎರಡು ಬರದಿದ್ದರೆ ನಾನು ಸೋಲುತ್ತೇನೆ.

ವೈನಿ, ವಿಷಾದವಲ್ಲ. ತಪ್ಪಾಯಿತು. ಆರನೆಯ ತಟ್ಟೆ ಹಿಡಿದವರು ನೀವೆಂದು ನೋಡಿದ್ದೆ. ನೋಡಿಯೂ ಕೈ ಅಡ್ಡ ಹಿಡಿದೆ. ಗಂಡ ಸತ್ತವಳಿಗೆ ಇನ್ನು ಯಾರೂ ಉಡಿ ತುಂಬುವುದಿಲ್ಲ ಎಂದು ನಾನೇ ಗಟ್ಟಿ ಮಾಡಿಕೊಂಡಿದ್ದೆ. ನೀವು ತಂದದ್ದು ಉಡಿ ಎಂದು ನನ್ನ ತಲೆಗೆ ಹೋಗಲೇ ಇಲ್ಲ.

ನಿಮ್ಮ ಮಂದಿಯ ಆ ಎರಡನ್ನು ಕೇಳುತ್ತಿದ್ದೇನೆ. ಕೊಡದಿದ್ದರೂ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ.

ನಿಮ್ಮ ಸುನಿ


ಕಲಬುರಗಿ
2 ಡಿಸೆಂಬರ್ 2025

ಪ್ರೀತಿಯ ಅಣ್ಣ,

ನಿನ್ನೆ ಎಣಿಕೆ ಕೇಂದ್ರದ ಹೊರಗೆ ಬೇವಿನ ಗಿಡದ ಕೆಳಗೆ ನೀನು ನಿಂತದ್ದನ್ನು ಕಿಟಕಿಯಿಂದ ನೋಡಿದೆ. ಒಮ್ಮೆ ನಮ್ಮವರ ಗುಂಪಿನಲ್ಲಿ, ಒಮ್ಮೆ ವೈನಿಯವರ ಗುಂಪಿನಲ್ಲಿ, ಎರಡೂ ಕಡೆ ಚಹಾ ಕುಡಿಯುತ್ತಿದ್ದೆ. ಒಳಗೆ ಏನಾಯಿತೆಂದು ವೈನಿ ನಿನಗೆ ಪೂರ್ತಿ ಹೇಳಿರಲಿಕ್ಕಿಲ್ಲ. ನಾನು ಹೇಳುತ್ತೇನೆ.

ಅಭ್ಯರ್ಥಿಗಳಾದ್ದರಿಂದ ಮೂವರಿಗೂ ಒಂದೇ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ನಡುವೆ ಸಾಹುಕಾರರು, ಆ ಕಡೆ ವೈನಿ, ಈ ಕಡೆ ನಾನು. ವೈನಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಚೀಲದಿಂದ ಹುರಿದ ಶೇಂಗಾ ತೆಗೆದು ಸಾಹುಕಾರರಿಗೂ ಒಂದು ಹಿಡಿ ಕೊಟ್ಟು ತಾವೂ ತಿನ್ನುತ್ತಿದ್ದರು. ನನಗೆ ಕೊಡಲಿಲ್ಲ. ನೆಲೋಗಿಯ ಪತ್ರಕ್ಕೆ ಉತ್ತರವೂ ಬಂದಿರಲಿಲ್ಲ. ಸೋತೆ ಎಂದೇ ಕೂತಿದ್ದೆ. ರಾಜೀನಾಮೆಯ ಕಾಗದ ಜೇಬಿನಲ್ಲಿತ್ತು.

ಮೊದಲ ಎಣಿಕೆ ಮುಗಿಯಿತು. ಸಿದ್ದಲಿಂಗ 2,871. ನಾನು 2,604. ವೈನಿ 1,327. ಗೆಲ್ಲಲು 3,402 ಬೇಕಿತ್ತು. ವೈನಿಯ ಅಂಕಿ ಹೇಳಿದಾಗ ಅವರ ಕೈಯಲ್ಲಿದ್ದ ಶೇಂಗಾ ಕೆಳಗೆ ಬಿತ್ತು. ‘ಸಾವಿರದ ಮುನ್ನೂರಾ ಇಪ್ಪತ್ತೇಳು ಮಂದಿ’ ಎಂದು ತಮಗೆ ತಾವೇ ಹೇಳಿಕೊಂಡರು. ಪಕ್ಷವಿಲ್ಲ, ಪೋಸ್ಟರಿಲ್ಲ, ಒಂದು ಜೀಪು. ನಾನು ಎದ್ದು ಕೈ ಮುಗಿದೆ. ಸಾಹುಕಾರರೂ ಎದ್ದರು.

ಆಮೇಲೆ ಚುನಾವಣಾಧಿಕಾರಿ ನಿಯಮದಂತೆ ವೈನಿಯವರನ್ನು ಸ್ಪರ್ಧೆಯಿಂದ ತೆಗೆದದ್ದಾಗಿ ಘೋಷಿಸಿ, ಅವರ ಕಟ್ಟುಗಳನ್ನು ಬಿಚ್ಚಿಸಿದರು. ಒಂದೊಂದೇ ಚೀಟಿ ಎತ್ತಿ ಎರಡು ಯಾರಿಗೆಂದು ಕೂಗತೊಡಗಿದರು. ಮೊದಲನೆಯದು ಸುನಿತಾ. ಎರಡನೆಯದು ಸುನಿತಾ. ಮೂರು, ನಾಲ್ಕು, ಐದು, ಸುನಿತಾ, ಸುನಿತಾ. ನಡುವೆ ಎಲ್ಲೋ ಒಂದು ಸಿದ್ದಲಿಂಗ, ಎಲ್ಲೋ ಒಂದು ಖಾಲಿ. ಮತ್ತೆ ಸುನಿತಾ. ನೇರಳೆ ಬಣ್ಣದ ಆ ಎರಡುಗಳು, ಕೆಲವು ಓರೆ, ಕೆಲವು ನಡುಗಿದ ಕೈಯವು. ಅರ್ಧ ತಾಸು ನನ್ನ ಹೆಸರನ್ನೇ ಕೇಳಿದೆ. ಅದನ್ನು ಕೂಗಿಸುತ್ತಿದ್ದವರು ಎರಡು ಕುರ್ಚಿ ಆಚೆ ಕೂತಿದ್ದರು.

1,118 ಬಂದವು. ಒಟ್ಟು 3,722. ನಾನು ಗೆದ್ದೆ ಎಂದರು.

ಓಡಿ ಹೋಗಿ ವೈನಿಯ ಕಾಲಿಗೆ ಬೀಳಬೇಕೆಂದು ಎದ್ದೆ. ಅವರು ಚೀಲ ಹೆಗಲಿಗೆ ಹಾಕಿಕೊಂಡು, ‘ಸಹಿ ಮಾಡೂದ ಅದ, ಮದಲ ಅದನ್ನ ಮುಗಸು’ ಎಂದು ಹೊರಗೆ ಹೋಗಿಬಿಟ್ಟರು. ಆದರೆ ನನ್ನ ಕುರ್ಚಿಯ ಮೇಲೆ ಒಂದು ಹಿಡಿ ಶೇಂಗಾ ಇಟ್ಟಿದ್ದರು.

ನಿನ್ನ ಸುನಿ


ನರೋಣಾ
4 ಡಿಸೆಂಬರ್ 2025

ಚಿರಂಜೀವಿ ಸುನಿಗೆ,

ನಿನ್ನ ಅಣ್ಣ ನಿನ್ನ ಕಾಗದವನ್ನು ಮೂರು ಸಲ ಗಟ್ಟಿಯಾಗಿ ಓದಿಸಿಕೊಂಡರು. ನಿನ್ನೆ ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ನೆಲೋಗಿಯ ನಿನ್ನ ಪತ್ರಕ್ಕೆ ಉತ್ತರ ಬರೆಯಲು ಪುರಸೊತ್ತು ಎಲ್ಲಿತ್ತು? ಓದಿದ ದಿನದಿಂದ ಐದು ದಿನ ಜೀಪಿನಿಂದ ಇಳಿದಿಲ್ಲ. ಎಲ್ಲಿ ಹೋದರೂ ಒಂದೇ ಮಾತು: ‘ನನಗ ಒಂದು ಬರಿರಿ, ನನ್ನ ನಾದಿನಿಗೆ ಎರಡು. ಆಕಿದು ನಮ್ಮನಿ ತಪ್ಪು, ನಾವು ಮನ್ಯಾಗ ತಿದ್ದಕೋತೇವಿ.’ ಅಫಜಲಪುರದಲ್ಲಿ ಮೆಂಬರ್ ಪಂಚಶೀಲಾ ನಕ್ಕಳು. ಹಂಗಾದರೆ ನೀವು ಯಾಕೆ ನಿಂತಿರಿ ಅಕ್ಕಾರ ಎಂದಳು. ಎಣಿಸಿಕೊಳ್ಳಲಿಕ್ಕೆ ಎಂದೆ. ಎಣಿಸಿಕೊಂಡೆ. ಈ ವಯಸ್ಸಿನಲ್ಲಿ ಇಷ್ಟು ಹಿಗ್ಗು ಒಳ್ಳೆಯದೋ ಅಲ್ಲವೋ ಗೊತ್ತಿಲ್ಲ, ಮೊನ್ನೆಯಿಂದ ಒಬ್ಬಳೇ ನಗುತ್ತೇನೆ.

ನೀನು ಅಂದು ಮೂರು ಗಂಟೆಯವರೆಗೆ ಬಾಗಿಲು ಹಾಕಿಕೊಂಡು ಕೂತದ್ದು ನನಗೆ ಆ ಸಂಜೆಯೇ ಗೊತ್ತಾಗಿತ್ತು. ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಉಳಿದರ್ಧ ನಿಂಬೆವ್ವನ ಎದುರು ನೀನು ಅತ್ತಾಗ ಇಳಿಯಿತು.

8ರಂದು ಬಾ. ಟಿವಿಯವರು ಬೇಡ. ಸೀರೆ ಉಟ್ಟುಕೊಂಡು ಬಾ, ಉಡಿ ತುಂಬಲು ಸೆರಗು ಬೇಕು. ನಿನ್ನ ಕಪಾಟಿನಲ್ಲಿರುವ ಹಳೆಯ ಹಿತ್ತಾಳೆ ತಟ್ಟೆ ನಿನ್ನ ಅವ್ವನದು. ಅವಳು ನನಗೆ ಕೊಟ್ಟದ್ದಲ್ಲ, ನಿನಗೆಂದು ಅಡುಗೆಮನೆಯಲ್ಲಿ ಬಿಟ್ಟುಹೋದದ್ದು. ಅದನ್ನು ತಾ. ಖಾಲಿ ತರಬೇಡ.

ನಿನ್ನ ವೈನಿ


ಬೆಂಗಳೂರು
10 ಡಿಸೆಂಬರ್ 2025

ಪ್ರೀತಿಯ ವೈನಿ,

ಇವತ್ತು ಪರಿಷತ್ತಿನಲ್ಲಿ ಪ್ರಮಾಣವಚನ ತೆಗೆದುಕೊಂಡೆ. ಗಡುವಿಗೆ ಎರಡು ದಿನ ಉಳಿದಿತ್ತು. ಈ ಸಲ ನಾಲಿಗೆ ಒಣಗಲಿಲ್ಲ.

ಮೊನ್ನೆಯದು ಇನ್ನೂ ಕಣ್ಣೆದುರು ಇದೆ. ನಾನು ತಟ್ಟೆ ತುಂಬ ಬೆಲ್ಲ ತಂದದ್ದನ್ನು ನೋಡಿ ನೀವು ಮೊದಲು ಅದನ್ನು ಕೈಯಲ್ಲಿ ಎತ್ತಿ ತೂಕ ನೋಡಿದಿರಿ. ಆಮೇಲೆ ಅದೇ ತಟ್ಟೆಗೆ ಅಕ್ಕಿ ಸುರಿದು, ಪಡಸಾಲೆಯಲ್ಲಿ ಹನ್ನೆರಡು ಮಂದಿಯ ನಡುವೆ ನನ್ನನ್ನು ಮಣೆಯ ಮೇಲೆ ಕೂರಿಸಿದಿರಿ. ಸೆರಗು ಹಿಡಿದೆ. ಐದು ಹಿಡಿ ಹಾಕುವವರೆಗೂ ನೀವು ನನ್ನ ಮುಖ ನೋಡಲಿಲ್ಲ, ಅಕ್ಕಿಯನ್ನೇ ನೋಡುತ್ತಿದ್ದಿರಿ. ಕೊನೆಯ ಹಿಡಿ ಹಾಕಿ, ‘ಈಗ ಎದ್ದು ಸರಿ, ಇನ್ನೊಬ್ಬಾಕಿ ಅದಾಳ’ ಎಂದು ನಿಂಬೆವ್ವನನ್ನು ಕರೆದು ಅದೇ ಮಣೆಯ ಮೇಲೆ ಕೂರಿಸಿದಾಗ, ಹದಿನಾಲ್ಕು ವರ್ಷ ಸೆರಗು ಹಿಡಿಯದವಳಿಗೆ ಹೇಗೆ ಹಿಡಿಯುವುದೆಂದೇ ತಿಳಿಯಲಿಲ್ಲ. ಹಿಡಿಯಲು ಕಲಿಸಿದವಳು ನಾನು. ಅವಳ ಉಡಿಗೆ ಎರಡನೆಯ ಹಿಡಿ ಹಾಕಿದವಳೂ ನಾನು. ಆಮೇಲೆ ಉಳಿದ ಹನ್ನೊಂದು ಮಂದಿ ಒಬ್ಬೊಬ್ಬರಾಗಿ ಎದ್ದು ಬಂದು ಒಂದೊಂದು ಹಿಡಿ ಹಾಕಿದರು. ಬಾಗಿಲಲ್ಲಿ ನಿಂತಿದ್ದ ಅಣ್ಣ ಕಣ್ಣಿಗೆ ಧೂಳು ಬಿತ್ತು ಎಂದು ಹಿತ್ತಲಿಗೆ ಹೋದ.

ಆರನೆಯ ತಟ್ಟೆಯ ಅಕ್ಕಿಯನ್ನು ವ್ಯಂಕಟೇಶ ಅಂದೇ ಹೆಣ್ಣುಮಕ್ಕಳ ಹಾಸ್ಟೆಲಿಗೆ ಕಳಿಸಿದ್ದರಂತೆ. ಅದಕ್ಕೆ ನನಗೆ ಸಂತೋಷವೇ ಆಯಿತು. ಖಣ ಹಾಗೇ ಇತ್ತು. ಅದರ ಕುಪ್ಪಸವನ್ನೇ ಇವತ್ತು ಸದನಕ್ಕೆ ತೊಟ್ಟು ಹೋಗಿದ್ದೆ. ದಾಖಲೆಯಾದ ವಸ್ತು ಕಪಾಟಿನಿಂದ ಹೊರಗೆ ಹೋದರೆ ಕಾರಣ ಬರೆಯಬೇಕು ಎಂದು ವ್ಯಂಕಟೇಶ ಪುಸ್ತಕ ತಂದು ಮುಂದಿಟ್ಟರು. ಅವರು ಹೇಳಿದ್ದು ಸರಿ. ಷರಾ ಅಂಕಣದಲ್ಲಿ ನನ್ನ ಕೈಯಿಂದಲೇ ಬರೆದೆ. ನಿಮ್ಮ ರಸೀದಿಯ ಜೊತೆ ಇಟ್ಟುಕೊಳ್ಳಲು ಅದರ ನಕಲು ಕಳಿಸುತ್ತಿದ್ದೇನೆ:

‘ಕ್ರಮ ಸಂಖ್ಯೆ ಆರು. ಇದು ಕಾಣಿಕೆ ಅಲ್ಲ, ತವರಿನ ಉಡಿ. ಇಲ್ಲಿ ದಾಖಲಾದದ್ದು ನನ್ನ ತಪ್ಪು. ವಾರಸುದಾರಳು ಸೆರಗು ಹಿಡಿದು ತೆಗೆದುಕೊಂಡಿದ್ದಾಳೆ.’

ನಿಮ್ಮ ಸುನಿ